ಹುಲ್ಲಿನ ಗೋಡೆ: ಬೆಂಕಿಗಿಂತ ನೀರಿಗೆ ಅಂಜಿ

ನಮ್ಮದು ಕಾಲುವೆ ನೀರಿನ ಗದ್ದೆ. ಯಂತ್ರದಲ್ಲಿ ಭತ್ತ ಕೊಯ್ಸಿದ ಮೇಲೆ ಹುಲ್ಲಿಗೆ ಬೆಂಕಿ ಹಚ್ಚುವುದೇ ರೂಢಿ. ಈ ಸಲ ಅದನ್ನು ಬೇಲ್ ಮಾಡಿಸಿ ಹೊಲದಲ್ಲಿ ಒಂದು ಕೋಣೆ ಕಟ್ಟಬೇಕೆಂದಿದ್ದೇನೆ. ಅಪ್ಪ ಒಪ್ಪುತ್ತಿಲ್ಲ. ‘ಬಣವ್ಯಾಗ ಮಲಗ್ತೀಯೇನು, ಒಂದು ಕಿಡಿ ಬಿದ್ರ ಮುಗೀತು’ ಅಂತಾರೆ. ಇಂಥ ಗೋಡೆ ನಿಲ್ಲುತ್ತದೆಯೇ?
– ರೈತರೊಬ್ಬರು, ಸಿಂಧನೂರು

ನಿಲ್ಲುತ್ತದೆ. ಅಮೆರಿಕದ ನೆಬ್ರಾಸ್ಕಾದ ಮರಳುಗುಡ್ಡಗಳಲ್ಲಿ ಮರವೂ ಇರಲಿಲ್ಲ, ಗೋಡೆಗೆ ತಕ್ಕ ಮಣ್ಣೂ ಇರಲಿಲ್ಲ. ಹುಲ್ಲನ್ನು ಒತ್ತಿ ಕಟ್ಟುವ ಯಂತ್ರ ಬಂದದ್ದೇ ತಡ, ಅಲ್ಲಿನ ಒಕ್ಕಲಿಗರು ಆ ಬೇಲ್‌ಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿಕೊಂಡರು. ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಹೀಗೆ ಕಟ್ಟಿದ ಚರ್ಚ್ ಇವತ್ತಿಗೂ ಇದೆ. ಫ್ರಾನ್ಸಿನ ಮೊಂಟಾರ್ಜಿಯಲ್ಲಿರುವ ಹುಲ್ಲಿನ ಮನೆ ನೂರು ವರ್ಷ ದಾಟಿದೆ.

ಅಪ್ಪನ ಭಯ ಬಣವೆಯ ಮಟ್ಟಿಗೆ ಸರಿ. ಬಿಡಿ ಹುಲ್ಲಿನೊಳಗೆ ಗಾಳಿ ಆಡುತ್ತದೆ, ಹಾಗಾಗಿ ಭಗ್ಗನೆ ಉರಿಯುತ್ತದೆ. ಬಿಗಿಯಾಗಿ ಒತ್ತಿ, ಎರಡೂ ಮೈಗೆ ಗಿಲಾವು ಮಾಡಿದ ಹುಲ್ಲಿಗೆ ಉರಿಯಲು ಗಾಳಿಯೇ ಸಿಗುವುದಿಲ್ಲ. ಅಮೆರಿಕದ ಪರೀಕ್ಷೆಗಳಲ್ಲಿ ಮಣ್ಣಿನ ಗಿಲಾವಿನ ಹುಲ್ಲುಗೋಡೆ ಒಂದು ಗಂಟೆ, ಸುಣ್ಣ–ಸಿಮೆಂಟಿನದು ಎರಡು ಗಂಟೆ ಬೆಂಕಿ ತಡೆದಿದೆ. ನಿಜವಾದ ಅಪಾಯ ಇರುವುದು ಕಟ್ಟುವ ದಿನಗಳಲ್ಲಿ. ಉದುರಿದ ಹುಲ್ಲನ್ನು ದಿನಾ ಸಂಜೆ ಗುಡಿಸಿ ದೂರ ಹಾಕಿಸಿ. ಗಿಲಾವು ಮುಗಿಯುವ ತನಕ ಆ ಜಾಗದಲ್ಲಿ ಬೀಡಿಯಾಗಲಿ ವೆಲ್ಡಿಂಗ್ ಆಗಲಿ ಬೇಡವೇ ಬೇಡ.

ನಾನು ಹೆದರುವುದು ನೀರಿಗೆ. ಹುಲ್ಲಿನಲ್ಲಿ ತೇವ ಶೇ 20 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಕೊಳೆಯುತ್ತದೆ. ಶೇ 15ರ ಒಳಗಿದ್ದರೆ ನೆಮ್ಮದಿ. ಬೇಲ್‌ನೊಳಗೆ ಚುಚ್ಚಿ ತೇವ ಅಳೆಯುವ ಮೀಟರ್ ಸಿಗುತ್ತದೆ, ಪೇರಿಸುವ ಮೊದಲು ಒಂದೊಂದು ಬೇಲನ್ನೂ ಅದರಿಂದ ನೋಡಿ. ಬೇಸಿಗೆ ಬೆಳೆಯ ಹುಲ್ಲು ಕೈಗೆ ಬರುವಷ್ಟರಲ್ಲಿ ಮಳೆ ತಲೆಯ ಮೇಲಿರುತ್ತದೆ. ಆದ್ದರಿಂದ ಮುಂಗಾರು ಬೆಳೆಯ ಹುಲ್ಲನ್ನು ಡಿಸೆಂಬರಿನಲ್ಲಿ ಬೇಲ್ ಮಾಡಿಸಿ. ಮೊದಲು ಕಂಬ ನಿಲ್ಲಿಸಿ ಸೂರು ಮುಗಿಸಿ, ಅದರ ನೆರಳಿನಲ್ಲಿ ಗೋಡೆ ಏರಿಸಿ. ನೆಬ್ರಾಸ್ಕಾದವರು ಸೂರಿನ ಭಾರವನ್ನು ಹುಲ್ಲಿನ ಮೇಲೇ ಹೊರಿಸಿದ್ದರು. ನಮ್ಮಲ್ಲಿ ಕಂಬ, ತೊಲೆಗಳೇ ಭಾರ ಹೊರಲಿ, ಹುಲ್ಲು ಗೋಡೆಯಷ್ಟೇ ಆಗಿರಲಿ. ಸೂರು ಗೋಡೆಯಿಂದ ಮೂರಡಿ ಮುಂದೆ ಚಾಚಿರಲಿ.

ನಿಮ್ಮದು ಎರೆ ನೆಲ. ಬಿಸಿಲಿಗೆ ಬಿರಿದು ಮಳೆಗೆ ಉಬ್ಬುವ ಆ ಮಣ್ಣಿನ ಮೇಲೆ ಪಾಯ ಹಾಕಬೇಡಿ, ಗರಸು ಸಿಗುವ ತನಕ ತೋಡಿಸಿ. ಕಲ್ಲಿನ ಪಾಯ ನೆಲದಿಂದ ಎರಡಡಿ ಮೇಲೆ ಬರಲಿ, ಅದರ ಮೇಲೊಂದು ಕಾಂಕ್ರೀಟ್ ಪಟ್ಟಿ. ಗೆದ್ದಲು ಹತ್ತುವುದಾದರೆ ಆ ಪಟ್ಟಿಯ ಮೇಲೆ ಮಣ್ಣಿನ ಸಾಲು ಎಳೆದೇ ಹತ್ತಬೇಕು. ಪಟ್ಟಿಗೆ ಗಿಲಾವು ಮಾಡದಿದ್ದರೆ ಕಣ್ಣಿಗೆ ಬೀಳುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ. ಹಾಗೆಂದು ಗೆದ್ದಲು ಮುಟ್ಟುವುದಿಲ್ಲ ಎಂದು ನಂಬಿ ಕೂರಬೇಡಿ.

ಉರುಟು ಬೇಲ್ ಗೋಡೆಗೆ ಆಗುವುದಿಲ್ಲ, ಚೌಕದ್ದೇ ಬೇಕು. 10×12 ಅಡಿ ಕೋಣೆಗೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಬೇಲ್ ಸುಮಾರು ನೂರು ಹಿಡಿಯುತ್ತದೆ. ಚೌಕ ಯಂತ್ರ ಸಿಗದಿದ್ದರೂ ದಾರಿ ಇದೆ. 2005ರ ಭೂಕಂಪದ ನಂತರ ಪಾಕಿಸ್ತಾನದಲ್ಲಿ ಹುಲ್ಲನ್ನು ಪೆಟ್ಟಿಗೆಗೆ ತುಂಬಿ, ಜಾಕ್‌ನಿಂದ ಒತ್ತಿ, ಕೈಯಲ್ಲೇ ಬೇಲ್ ಕಟ್ಟಿ ಬಡವರಿಗೆ ಮನೆ ಮಾಡಿಕೊಟ್ಟರು. ಅಂಥದೇ ಮನೆಯೊಂದನ್ನು 2009ರಲ್ಲಿ ನೆವಾಡ ವಿಶ್ವವಿದ್ಯಾಲಯದಲ್ಲಿ ಭೂಕಂಪದಂತೆ ಅಲುಗಾಡಿಸಿದರು. ಮನೆ ಕುಸಿಯಲಿಲ್ಲ.

ನೀವು ಸುಡಲು ಹೊರಟಿದ್ದ ಹುಲ್ಲು ಗೋಡೆಯಾಗುತ್ತದೆ ಎಂಬುದು ನನಗೆ ಬಹಳ ಸಂತೋಷದ ಸಂಗತಿ. ಮೇವಿಗೆ ಬರ ಇರುವ ಊರಿನವರು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅಲ್ಲಿ ಹುಲ್ಲು ದನದ್ದು.

ತೀರ್ಥಹಳ್ಳಿ ಹತ್ತಿರ ನಮ್ಮ ತೋಟದಲ್ಲಿ ಇಂಥದೊಂದು ಮನೆ ಕಟ್ಟಬಹುದೇ?
– ಓದುಗರೊಬ್ಬರು, ಬೆಂಗಳೂರು

ನನ್ನ ಸಲಹೆ, ಬೇಡ. ಮಲೆನಾಡಿನಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತದೆ, ತಿಂಗಳುಗಟ್ಟಲೆ ಗಾಳಿಯೇ ಒದ್ದೆಯಾಗಿರುತ್ತದೆ. ಒಮ್ಮೆ ನೆನೆದ ಗೋಡೆಗೆ ಆರುವ ಅವಕಾಶವೇ ಇಲ್ಲ. ನಿಮ್ಮಲ್ಲಿ ಜಂಬಿಟ್ಟಿಗೆ ಇದೆ, ಅದನ್ನೇ ಬಳಸಿ.

ಗೋಡೆಗೆ ಸಿಮೆಂಟ್ ಗಿಲಾವೇ ಆಗಬೇಕು, ಮಣ್ಣು ಮೆತ್ತಿದರೆ ಉದುರುತ್ತದೆ ಎಂದು ನಮ್ಮ ಮೇಸ್ತ್ರಿ ಹಟ ಹಿಡಿದಿದ್ದಾರೆ. ಏನು ಮಾಡಲಿ?
– ನಿವೃತ್ತ ಶಿಕ್ಷಕಿ, ಮದ್ದೂರು

ಮೇಸ್ತ್ರಿಯವರ ಅನುಭವ ಇಟ್ಟಿಗೆ ಗೋಡೆಯದು. ಹುಲ್ಲಿನ ಗೋಡೆಯ ಮೇಲೆ ಬರೀ ಸಿಮೆಂಟ್ ಬಳಿದರೆ ಸಣ್ಣ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಮತ್ತೆ ಹೊರಬರಲು ಸಿಮೆಂಟ್ ಬಿಡುವುದಿಲ್ಲ, ಒಳಗೊಳಗೇ ಹುಲ್ಲು ಕಪ್ಪಾಗುತ್ತದೆ. ಮಣ್ಣು, ಸುಣ್ಣ ಎರಡೂ ತೇವವನ್ನು ಹೊರಕ್ಕೆ ಬಿಡುತ್ತವೆ.

ಜರಡಿ ಹಿಡಿದ ಕೆಮ್ಮಣ್ಣಿಗೆ ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿಸಿ, ನಾಲ್ಕಾರು ದಿನ ಕಳಿಯಲು ಬಿಡಿ. ಮೊದಲ ಪದರವನ್ನು ತೆಳುವಾಗಿ ಕಲಸಿ, ಬೇಲ್‌ನ ಎಳೆಗಳ ನಡುವೆ ಹೋಗುವಂತೆ ಅಂಗೈಯಲ್ಲಿ ತಿಕ್ಕಬೇಕು. ಮಣ್ಣು ಉದುರದೆ ನಿಲ್ಲುವುದು ಈ ತಿಕ್ಕುವಿಕೆಯಿಂದಲೇ, ಇಲ್ಲಿ ಅವಸರ ಮಾಡಲು ಬಿಡಬೇಡಿ. ಆಮೇಲೆ ದಪ್ಪ ಪದರ, ಅದು ಆರಿದ ಮೇಲೆ ಕೊನೆಯದು. ಹೊರಗೋಡೆಗೆ ಚೆನ್ನಾಗಿ ಅರಳಿಸಿದ ಸುಣ್ಣದ ಗಾರೆ ಹಾಕಿಸಿ. ಮೊದಲು ಒಂದು ಬೇಲ್ ಮೇಲೆ ಮೇಸ್ತ್ರಿಯವರ ಕೈಯಲ್ಲೇ ಹಚ್ಚಿಸಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಪುಡಿಯಾಗಿ ಉದುರಿದರೆ ಮಣ್ಣು ಹೆಚ್ಚಿಸಿ. ಬಚ್ಚಲಿನ ಗೋಡೆ ಮಾತ್ರ ಅವರು ಹೇಳಿದಂತೆ ಇಟ್ಟಿಗೆ–ಸಿಮೆಂಟಿನದೇ ಆಗಲಿ, ನಲ್ಲಿಯ ಪೈಪುಗಳೆಲ್ಲ ಅದರಲ್ಲೇ ಹಾಯಲಿ.