ಜನಸಂದಣಿಯ ನಡುವೆ ಬಿಡಾರ
ಸಹೋದರಿ,
ಬೇಸಗೆಯ ರಜೆಯಲ್ಲಿ ವೃದ್ಧರಾದ ಅತ್ತೆಯವರನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಕ್ಯಾಲಿಫೋರ್ನಿಯದ ಫೈಫರ್ ಬಿಗ್ ಸರ್ ಸ್ಟೇಟ್ ಪಾರ್ಕಿನಲ್ಲಿ ಡೇರೆ ಹೂಡುವುದು ಸೂಕ್ತವೇ ಎಂದು ಕೇಳಿರುವಿರಷ್ಟೆ. ಏಕಾಂತವನ್ನರಸಿ ಹೊರಡುವವರಿಗೆ ಅದು ತಕ್ಕ ಸ್ಥಳವಲ್ಲ. ನೆರೆಬಿಡಾರದ ಸೌದೆಹೊಗೆ, ಕಾರಿನ ಬಾಗಿಲು ಬಡಿಯುವ ಸದ್ದು, ಪರರ ಮಕ್ಕಳ ಕೋಲಾಹಲ ಇವೆಲ್ಲವೂ ರಾತ್ರಿ 10ರ ನಿಶ್ಶಬ್ದ ನಿಯಮ ಜಾರಿಗೆ ಬರುವವರೆಗೆ, ಒಮ್ಮೊಮ್ಮೆ ಅನಂತರವೂ, ತಮ್ಮನ್ನು ಬಿಟ್ಟಗಲವು. ಆದರೆ ಗಗನಚುಂಬಿಯಾದ ರೆಡ್‌ವುಡ್ ವೃಕ್ಷಗಳ ನೆರಳಿನಲ್ಲಿ, ಹೊಳೆಯ ಮಗ್ಗುಲಲ್ಲಿ, ಬಿಸಿನೀರಿನ ಸ್ನಾನಗೃಹ, ಊಟದ ಮೇಜು, ಒಲೆಗುಂಡಿಗಳು ಸಿದ್ಧವಾಗಿರುವುದು ಸಾಮಾನ್ಯ ಸೌಕರ್ಯವಲ್ಲ. ಅತ್ತೆಯವರ ಮಂಡಿನೋವನ್ನು ನೆನೆದರೆ, ಏಕಾಂತಕ್ಕಿಂತ ಸಮೀಪದ ಶೌಚಾಲಯವೇ ಮೇಲೆಂಬುದು ನನ್ನ ಮತ. ಬುತ್ತಿಯನ್ನು ಡೇರೆಯೊಳಗಿಡಬೇಡಿರಿ, ರಕೂನುಗಳು ಚಕ್ಕುಲಿಯನ್ನೂ ಬಿಡವು. 6 ತಿಂಗಳ ಮುಂಚೆಯೇ ಸ್ಥಳ ಕಾದಿರಿಸಬಹುದಾದುದರಿಂದ, ತಡಮಾಡದೆ ಕಾದಿರಿಸಿರಿ; ಜನಸಂದಣಿಯನ್ನು ತಗ್ಗಿಸಿಕೊಳ್ಳಲು ವಾರದ ನಡುವಣ ದಿನಗಳನ್ನೇ ಆರಿಸಿಕೊಳ್ಳಿರಿ.