ಗೋಡೆಯ ಮೇಲಿನ ಹಸುರು

ನಮ್ಮ ಕುಂಬಾರಕೊಪ್ಪಲಿನ ಓಣಿಗಳಲ್ಲಿ ಮಳೆಗಾಲ ಮುಗಿಯುವ ವೇಳೆಗೆ ಹಲವು ಗೋಡೆಗಳು ಹಸುರಾಗಿರುತ್ತವೆ. ಆದರೆ ಗೋಡೆಯೆಲ್ಲವೂ ಹಸುರಾಗಿರುವುದಿಲ್ಲ. ಸೂರಿನ ನೀರು ಸಿಡಿಯುವ ಬುಡದಲ್ಲಿ ಪಾಚಿ ದಟ್ಟವಾಗಿದ್ದರೆ, ಅದೇ ಗೋಡೆಯ ಮೇಲ್ಭಾಗದಲ್ಲಿ ಸುಣ್ಣ ಬೆಳ್ಳಗೇ ಇರುವುದನ್ನು ನಾನು ನೋಡಿದ್ದೇನೆ. ಬೇರಿಲ್ಲದ ಈ ಪಾಚಿ ನೆಟ್ಟಗೆ ನಿಂತ ಗೋಡೆಯನ್ನು ಹಿಡಿಯುವುದು ಹೇಗೆ? ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಡುವುದೇಕೆ?

ಗೋಡೆಯ ಪಾಚಿಗಳಲ್ಲಿ ಕ್ಲೋರೆಲ್ಲ ಎಂಬುದೊಂದು. ಅದರ ಒಂದೊಂದು ಜೀವಕೋಶವೂ ಸ್ವತಂತ್ರವಾದ ಜೀವಿ. ಅದರ ಅಡ್ಡಳತೆ ಒಂದು ಮಿಲಿಮೀಟರಿನ 100ನೆಯ ಒಂದು ಭಾಗವನ್ನು ಸಾಮಾನ್ಯವಾಗಿ ಮೀರುವುದಿಲ್ಲ. ಇಂತಹ ಕಣಗಳು ಗಾಳಿಯ ಧೂಳಿನೊಡನೆಯೂ ಮಳೆಹನಿಯೊಡನೆಯೂ ಬಂದು ಗೋಡೆಯನ್ನು ಸೇರುತ್ತವೆ.

ನುಣುಪಾದ ಗಾಜಿನ ಮೇಲೆ ಬಿದ್ದ ಕಣವನ್ನು ಮುಂದಿನ ಮಳೆಯೇ ತೊಳೆದುಬಿಡಬಹುದು. ಗಾರೆಯ ಮೈಯಲ್ಲಾದರೋ ಸಣ್ಣ ಸಣ್ಣ ಕುಳಿಗಳಿವೆ. ಅಲ್ಲಿ ಕಣಕ್ಕೆ ಆಶ್ರಯವೂ ತೇವವೂ ದೊರೆಯುತ್ತವೆ. ಬಳಿಕ ಜೀವಕೋಶವು ಸಕ್ಕರೆಯ ಅಣುಗಳು ಸರಪಳಿಯಾಗಿ ಸೇರಿದ ಒಂದು ಬಗೆಯ ಅಂಟನ್ನು ಸ್ರವಿಸುತ್ತದೆ. ಈ ಅಂಟೇ ಅದರ ಹಿಡಿತ. ಅದು ನೀರನ್ನು ಹಿಡಿದಿಡುತ್ತದೆ; ಧೂಳನ್ನೂ ಹೊಸ ಕಣಗಳನ್ನೂ ಅಂಟಿಸಿಕೊಳ್ಳುತ್ತದೆ. ಹೀಗೆ ಪದರದ ಮೇಲೆ ಪದರ ಬೆಳೆಯುತ್ತದೆ. ಬೇಸಗೆಯಲ್ಲಿ ಈ ಪದರ ಒಣಗಿದರೂ ಅದರಲ್ಲಿ ಹಲವು ಕೋಶಗಳು ಜೀವ ಹಿಡಿದಿದ್ದು, ಮಳೆ ಬಿದ್ದೊಡನೆ ಚೇತರಿಸುತ್ತವೆ.

ಕುಂಬಾರರ ಹೆಸರನ್ನು ಹೊತ್ತ ಊರಿನವರಿಗೆ ಮಣ್ಣಿನ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಹೂಜಿಯ ನೀರು ತಣ್ಣಗಿರುವುದು ಅದರ ಸೂಕ್ಷ್ಮ ರಂಧ್ರಗಳಿಂದ ತೇವ ಹೊರಬಂದು ಆರುವುದರಿಂದ. ಇಟ್ಟಿಗೆ ಹೆಂಚುಗಳಿಗೂ ಅಂತಹವೇ ರಂಧ್ರಗಳಿವೆ. ಅವು ಹೀರಿದ ನೀರೇ ಪಾಚಿಗೆ ಆಧಾರ.

ಹೊಸ ಸುಣ್ಣದ ಮೇಲೆ ಪಾಚಿ ಬಾರದಿರುವುದಕ್ಕೆ ಕಾರಣ ಅದರ ತೀಕ್ಷ್ಣವಾದ ಕ್ಷಾರ. ಕಾಲಕ್ರಮದಲ್ಲಿ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಸುಣ್ಣಕಲ್ಲಿನ ವಸ್ತುವೇ ಆಗುತ್ತದೆ; ಕ್ಷಾರ ಇಳಿಯುತ್ತದೆ; ಪಾಚಿಗೆ ದಾರಿಯಾಗುತ್ತದೆ. ಹಬ್ಬಕ್ಕೆ ಮುನ್ನ ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದ ಹಿರಿಯರ ಪದ್ಧತಿಯಲ್ಲಿ ಅಂದವಷ್ಟೇ ಅಲ್ಲ, ಗೋಡೆಯ ರಕ್ಷಣೆಯೂ ಇತ್ತು.

ಪಾಚಿಯನ್ನು ಕಂಡೊಡನೆ ತಂತಿಯ ಬ್ರಷ್ಷಿನಿಂದ ಕೆರೆಯುವವರುಂಟು. ಇದರಿಂದ ಹಸುರು ಹೋಗುವುದು ನಿಜ. ಆದರೆ ಗಾರೆ ಕಿತ್ತು ಹೊಸ ಕುಳಿಗಳಾಗುತ್ತವೆ, ಮುಂದಿನ ಮಳೆಗೆ ಪಾಚಿಗೆ ಇನ್ನಷ್ಟು ನೆಲೆ ದೊರೆಯುತ್ತದೆ. ಹಳೆಯ ಸುಣ್ಣಗಾರೆಯ ಗೋಡೆಗಂತೂ ಇದು ದೊಡ್ಡ ನಷ್ಟ. ಆದುದರಿಂದ ಮೊದಲು ಸೂರಿನ ನೀರನ್ನೂ ಸೋರುವ ಕೊಳವೆಯನ್ನೂ ಸರಿಪಡಿಸಿ, ಗೋಡೆ ಒಣಗಿದ ಮೇಲೆ ಮೃದುವಾದ ಬ್ರಷ್ಷಿನಿಂದ ಉಜ್ಜಿ ಸುಣ್ಣ ಬಳಿಯುವುದು ಲೇಸು. ಗೋಡೆಯ ಹಸುರು ರೋಗಕ್ಕಿಂತ ಹೆಚ್ಚಾಗಿ ರೋಗದ ಲಕ್ಷಣ. ಅದು ನೀರು ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಮನೆಯವರಿಗೆ ತೋರಿಸಿಕೊಡುತ್ತದೆ.