ಟ್ರಂಕು ಗುಜರಿಗೆ ಹೋಗುವ ಮುಂಚೆ

ತಮ್ಮಾ, ಮುತ್ಯಾನ ವರ್ಷದ ಪುಣ್ಯಸ್ಮರಣೆಗೆ ಒಂದು ಸಣ್ಣ ಪುಸ್ತಕ ತರುತ್ತೇನೆ ಅಂದೆಯಲ್ಲ, ಬಹಳ ಛಲೋ. ಆದರೆ ಮನೆಗೆ ಸುಣ್ಣ ಹೊಡೆಸುವ ಮಾತು ಬಂದ ಕೂಡಲೇ ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಗುಜರಿಗೆ ಹೋಗುತ್ತದೆ. ಅದಕ್ಕೂ ಮುಂಚೆ ನೀನೇ ಅದನ್ನು ಕೆಳಗಿಳಿಸು.

ಅದರಲ್ಲಿರುವ ಮುತ್ಯಾನ ಸೈನ್ಯದ ಪದಕಗಳ ಅಂಚು ನೋಡು. ನಂಬರು, ಹುದ್ದೆ, ಹೆಸರು ಅಲ್ಲೇ ಇರುತ್ತವೆ. ಸಮರ ಸೇವಾ ಸ್ಟಾರ್ ಅಂದರೆ 1965ರ ಯುದ್ಧ. 1971ರದಾದರೆ ಪೂರ್ವಿ ಸ್ಟಾರ್ ಬಾಂಗ್ಲಾ ಕಡೆಯದು, ಪಶ್ಚಿಮಿ ಸ್ಟಾರ್ ಪಶ್ಚಿಮ ಗಡಿಯದು. ಮುತ್ಯಾ ಢಾಕಾಕ್ಕೆ ಹೋಗಿದ್ದರು ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಟ್ರಂಕಿನಲ್ಲಿ ಪಶ್ಚಿಮಿ ಸ್ಟಾರ್ ಮಾತ್ರ ಸಿಕ್ಕರೆ ಢಾಕಾವನ್ನು ಬಿಟ್ಟುಬಿಡು. ರೇಷನ್ ಲಾರಿ ಓಡಿಸಿದ್ದರೆ ಲಾರಿ ಓಡಿಸಿದರು ಎಂದೇ ಬರೆ. ಮುಂದಿನ ಚೌಕಿಯವರಿಗೆ ಹಿಟ್ಟು, ಸೀಮೆಎಣ್ಣೆ ಮುಟ್ಟಿಸುವುದು ಕಡಿಮೆ ಕೆಲಸವಲ್ಲ.

ಡಿಸ್ಚಾರ್ಜ್ ಬುಕ್ಕಿನಲ್ಲಿ ಜಿಲ್ಲೆ ಧಾರವಾಡ, ರಾಜ್ಯ ಮೈಸೂರು ಎಂದಿದ್ದರೆ ತಪ್ಪೆಂದು ತಿಳಿಯಬೇಡ. ನಮ್ಮ ಗದಗ ಜಿಲ್ಲೆಯಾದದ್ದು 1997ರಲ್ಲಿ, ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಮುತ್ಯಾ ಹುಟ್ಟಿದ ಕಾಲಕ್ಕೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಗದಗ-ಬೆಟಗೇರಿ, ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತ್ಯದವು. ಸಂಸ್ಥಾನದ ಇಲ್ಲವೇ ಬ್ರಿಟಿಷರ ಪ್ರಜೆಯಾಗಿ ಹುಟ್ಟಿದ ಹುಡುಗ ಗಣರಾಜ್ಯದ ಬಂದೂಕು ಹಿಡಿದ ಕಥೆ ಇದು. ಇದನ್ನು ಬಿಟ್ಟು ಬರೇ ಶೌರ್ಯ ಬರೆದರೆ ಯಾವ ಊರಿನ ಯಾವ ಸಿಪಾಯಿಗಾದರೂ ಹೊಂದೀತು.

ಕುಂದಗೋಳ ತಾಲೂಕಿನ ಬೆಟದೂರು ನಮಗೇನು ದೂರವಲ್ಲ. ಅಲ್ಲಿಯ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಆರು ದಿನ ಹಿಮದಡಿ ಜೀವ ಹಿಡಿದಿದ್ದು, ಹೊರತೆಗೆದ ಮೇಲೆ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ದೇಶವೇ ಅತ್ತಿತು, ಅಳಬೇಕಾದದ್ದೇ. ಆದರೆ ಜೀವಂತ ತಿರುಗಿ ಬಂದವರಿಗೆ ನಾವು ಕೊಟ್ಟದ್ದೇನು? ಮುತ್ಯಾನಂಥವರು ನಡುವಯಸ್ಸಿಗೇ ಪಿಂಚಣಿ ಹಿಡಿದು ಬಂದು, ಬ್ಯಾಂಕಿನ ಬಾಗಿಲು ಕಾಯ್ದರು, ಮಳೆ ನಂಬಿ ಶೇಂಗಾ ಬಿತ್ತಿದರು. ಊರಿಗೆ ಬಂದ ಮೇಲಿನ ಆ ನಾಲ್ಕು ದಶಕಕ್ಕೆ ನಮ್ಮ ಭಾಷಣಗಳಲ್ಲಿ ಒಂದು ಸಾಲೂ ಇಲ್ಲ. ಮಿಲಿಟರಿ ಕ್ಯಾಂಟೀನಿನ ರಮ್ಮಿನ ನೆಪಕ್ಕಷ್ಟೇ ಅವರ ಮನೆ ಬಾಗಿಲು ಬಡಿದವರನ್ನು ನಾನು ಬಲ್ಲೆ. ನಿನ್ನ ಪುಸ್ತಕದ ಅರ್ಧ ಭಾಗ ಆ ವರ್ಷಗಳಿಗಿರಲಿ.

ಇನ್ನು ಮುತ್ಯಾನ ಜೊತೆ ಬಾಳಿದ ಆಯಿ. ಯುದ್ಧದ ಸುದ್ದಿ ಕೇಳಿದರೆ "ನನಗೇನ್ ಗೊತ್ತಪಾ" ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ಮನಿಯಾರ್ಡರ್ ತಡವಾದ ತಿಂಗಳು ಒಲೆ ಹೆಂಗ ಹೊತ್ತಿತು, ಪತ್ರವನ್ನು ಯಾರ ಕಡೆ ಓದಿಸಿದಿರಿ, ರಜೆಗೆ ಬಂದ ಅಪ್ಪನನ್ನು ಕಂಡು ಕೂಸು ಗುರುತು ಹಿಡಿಯಿತೇ ಎಂದು ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ನಡುವೆ ಬಾಯಿ ಹಾಕಬೇಡ.

ಹಾಗೇ ಪಿಂಚಣಿ ಆದೇಶದ ಕಾಗದ ತೆಗೆದು ನೋಡು. ಅದರಲ್ಲಿ ಆಯಿಯ ಹೆಸರು ಒಂದು ನಮೂನೆ, ಆಧಾರ್‌ನಲ್ಲಿ ಇನ್ನೊಂದು ನಮೂನೆ ಇದ್ದರೆ ಕುಟುಂಬ ಪಿಂಚಣಿಗೆ ತೊಡಕಾಗುತ್ತದೆ. ಸೈನಿಕ ಕಲ್ಯಾಣ ಇಲಾಖೆಯವರನ್ನು ಕಂಡು ಅದನ್ನು ಸರಿಮಾಡಿಸು, ಪುಸ್ತಕ ಆಮೇಲೆ.